ಅಪ್ಪನ ಮಂಡಿ, ನನ್ನ ಟರ್ಬೊ

ಕಾರು ತಗೋತೀನಿ ಅಂದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ, ಬಜೆಟ್ ಎಷ್ಟು. ಎರಡನೆಯದು, ಮೈಲೇಜ್ ಎಷ್ಟು ಕೊಡುತ್ತೆ. ಸ್ವಲ್ಪ ಕಾರಿನ ಹುಚ್ಚಿರುವವರಾದರೆ ಪವರ್ ಎಷ್ಟು ಅಂತಾರೆ. ಕ್ಲಚ್ ಒತ್ತುವ ಎಡಗಾಲು ಯಾರದು, ಅದರ ವಯಸ್ಸೆಷ್ಟು ಅಂತ ಮಾತ್ರ ಯಾರೂ ಕೇಳಲ್ಲ. ಮನೆಯಲ್ಲಿ ಒಂದೇ ಕಾರು, ಓಡಿಸೋರು ಇಬ್ಬರು, ಒಬ್ಬರಿಗೆ ಮೂವತ್ತು, ಇನ್ನೊಬ್ಬರಿಗೆ ಅರವತ್ನಾಲ್ಕು ಅಂತಾದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಕಳೆದ ನಾಲ್ಕು ತಿಂಗಳು ನಾನು, ಅಪ್ಪ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಸೆಡಾನ್ ಹುಡುಕಿದೆವು. ಸುಮ್ಮನೆ ಸೆಡಾನ್ ಅಲ್ಲ, ಸ್ವಲ್ಪ ಓಡುವ ಸೆಡಾನ್. ಟರ್ಬೊ ಎಂಜಿನ್, ಹೆದ್ದಾರಿಯಲ್ಲಿ ಕಾಲಿಟ್ಟರೆ ಮುಂದಕ್ಕೆ ಹಾರುವಂಥದ್ದು. ನಿಮ್ಮಲ್ಲಿ ಎಷ್ಟೋ ಜನ ಇದೇ ಹುಡುಕಾಟದಲ್ಲಿ ಇರಬಹುದು. ನಮ್ಮ ಲೆಕ್ಕಾಚಾರ ಹೇಗೆ ನಡೆಯಿತು ಅನ್ನೋದನ್ನ ಇಲ್ಲಿ ಬಿಡಿಸಿ ಹೇಳ್ತೀನಿ.

ಮನೆಯ ಪರಿಸ್ಥಿತಿ

ನಮ್ಮ ಮನೆ ಕೆ.ಆರ್.ಪುರದಲ್ಲಿ. ಅಪ್ಪ ದೂರವಾಣಿನಗರದ ಐಟಿಐನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನನ್ನ ಆಫೀಸು ಇಂದಿರಾನಗರದಲ್ಲಿ. 2023ರ ಅಕ್ಟೋಬರ್‌ನಲ್ಲಿ ಕೆ.ಆರ್.ಪುರದಿಂದ ಬೈಯಪ್ಪನಹಳ್ಳಿಗೆ ಮೆಟ್ರೋ ಸೇರಿಕೊಂಡ ಮೇಲೆ ವಾರದ ಐದು ದಿನ ನನಗೆ ಕಾರೇ ಬೇಡ. ಟಿನ್ ಫ್ಯಾಕ್ಟರಿ ಟ್ರಾಫಿಕ್ ಅನ್ನು ಮೇಲಿಂದ ನೋಡುತ್ತಾ ಹೋಗುವ ಸುಖ ಅನುಭವಿಸಿದವರಿಗೇ ಗೊತ್ತು. ನನಗೆ ಕಾರು ಬೇಕಾಗೋದು ಶನಿವಾರ, ಭಾನುವಾರ. ಮಾಲೂರಿನ ಕಡೆ ಊರು, ಅಪರೂಪಕ್ಕೊಮ್ಮೆ ಚಿಕ್ಕಮಗಳೂರು.

ಉಳಿದ ದಿನ ಕಾರು ಅಪ್ಪನದು. ಸೋಮವಾರ ಹಲಸೂರಿನ ಸೋಮೇಶ್ವರ ದೇವಸ್ಥಾನ, ಅಲ್ಲೇ ಹತ್ತಿರದಲ್ಲಿರುವ ಅತ್ತೆಯ ಮನೆ. ಅಮ್ಮನಿಗೆ ತರಕಾರಿ, ಹಣ್ಣು, ಹೂವು ಒಟ್ಟಿಗೆ ಬೇಕಾದರೆ ಶಿವಾಜಿನಗರದ ರಸೆಲ್ ಮಾರ್ಕೆಟ್. ಹಳೆಯ ಸಹೋದ್ಯೋಗಿ ಯಾರಿಗಾದರೂ ಹುಷಾರಿಲ್ಲ ಅಂದರೆ ಆಸ್ಪತ್ರೆಗೆ ಕರೆದೊಯ್ಯುವ ಡ್ರೈವರ್ ಕೂಡ ಅಪ್ಪನೇ.

ಇಷ್ಟು ದಿನ ಇದೆಲ್ಲ ನಡೆದದ್ದು 2003ರ ಒಂದು ಮಾರುತಿ ಎಸ್ಟೀಮ್‌ನಲ್ಲಿ. ಅಪ್ಪ ಅದನ್ನೂ ಸೆಕೆಂಡ್ ಹ್ಯಾಂಡೇ ತಗೊಂಡಿದ್ದು. ಇವತ್ತಿನವರಿಗೆ ಎಸ್ಟೀಮ್ ಅಂದರೆ ಹಳೇ ಡಬ್ಬ. ಆದರೆ 1.3 ಲೀಟರ್ ಎಂಜಿನ್, 85 ಕುದುರೆಯ ಶಕ್ತಿ, ಹಗುರ ಮೈ. ಒಂದು ಕಾಲಕ್ಕೆ ನಮ್ಮ ದೇಶದ ರ‍್ಯಾಲಿಗಳಲ್ಲಿ ಎಲ್ಲಿ ನೋಡಿದರೂ ಎಸ್ಟೀಮೇ. ಅದರ ಹೆಡ್‌ಲೈಟು, ಬಾಗಿಲ ಹಿಡಿ, ಕನ್ನಡಿಗಾಗಿ ಅಪ್ಪ ಶಿವಾಜಿನಗರದ ಗುಜರಿ ಗಲ್ಲಿಗಳನ್ನು ಸುತ್ತಿದ್ದಕ್ಕೆ ಲೆಕ್ಕವಿಲ್ಲ. ಅಂದರೆ, ಓಡುವ ಸೆಡಾನ್‌ನ ಹುಚ್ಚು ನನಗೆ ಯೂಟ್ಯೂಬ್‌ನಿಂದ ಬಂದದ್ದಲ್ಲ, ಮನೆಯಿಂದಲೇ ಬಂದದ್ದು.

ಹೋದ ವರ್ಷ ಅಪ್ಪನ ಎಡ ಮಂಡಿ ಕೈಕೊಟ್ಟಿತು. ಮೂಳೆ ಡಾಕ್ಟರು ಸವೆತ ಅಂದರು. ನಡೆಯಿರಿ, ವ್ಯಾಯಾಮ ಮಾಡಿ, ಆದರೆ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಕ್ಲಚ್ ಒತ್ತೋದು ಬೇಡ ಅಂದರು. ಮನೆಗೆ ಬಂದ ಅಪ್ಪ ಹೇಳಿದ್ದು ಇಷ್ಟೇ: "ನನಗಿನ್ನು ಕಾರು ಯಾಕೋ? ಆಟೋ ಇದೆ, ಮೆಟ್ರೋ ಇದೆ. ನಿನಗೆ ಬೇಕಾದ್ದು ನೀನು ತಗೋ."

ಕೇಳೋಕೆ ಇದು ತುಂಬ ಸಲೀಸಾದ ಪರಿಹಾರ. ನನಗಿಷ್ಟದ ಮ್ಯಾನ್ಯುವಲ್ ಟರ್ಬೊ ತಗೊಂಡು ಸುಮ್ಮನಿರಬಹುದಿತ್ತು. ಆದರೆ ಮೂರು ಸೋಮವಾರ ಅಪ್ಪ ಹಲಸೂರಿಗೆ ಹೋಗಲಿಲ್ಲ. ನಾನು ಮಂಡಿ ನೋವು ಜಾಸ್ತಿಯಾಗಿದೆಯಾ ಅಂತ ಅಮ್ಮನನ್ನು ಕೇಳಿದೆ. ಅಮ್ಮ ಹೇಳಿದರು: "ನೋವು ಅಂತ ಮನೇಲಿ ಕೂತಿಲ್ಲ ಕಣೋ. ಹೊರಗೆ ಹೋಗಬೇಕು ಅಂದ್ರೆ ಯಾರನ್ನಾದ್ರೂ ಕೇಳಬೇಕಲ್ಲ, ಅದಕ್ಕೆ ಕೂತಿದ್ದಾರೆ."

ಆ ಮಾತಿಗೆ ನಮ್ಮ ಹುಡುಕಾಟದ ದಿಕ್ಕೇ ಬದಲಾಯಿತು. ಇಬ್ಬರು ಹಂಚಿಕೊಳ್ಳುವ ಕಾರನ್ನು, ಯಾರು ಓಡಿಸೋದನ್ನು ಮೊದಲು ನಿಲ್ಲಿಸಿಬಿಡಬಹುದೋ ಅವರ ಮೈಗೆ ಹೊಂದುವಂತೆ ಆರಿಸಬೇಕು. ಇನ್ನೊಬ್ಬರ ಆಸೆಗೆ ಉಳಿದ ಜಾಗ. ನನ್ನ ಅನುಭವದಲ್ಲಿ, ಆ ಉಳಿದ ಜಾಗವೂ ಕಡಿಮೆಯೇನಿಲ್ಲ.

ಆಟೊಮ್ಯಾಟಿಕ್ ಅಂದರೆ ಯಾವ ಆಟೊಮ್ಯಾಟಿಕ್?

ಎಡ ಮಂಡಿಗೆ ಬಿಡುವು ಬೇಕು ಅಂದರೆ ಕ್ಲಚ್ ಪೆಡಲ್ ಇರಬಾರದು. ಅಲ್ಲಿಗೆ ಅರ್ಧ ಪಟ್ಟಿ ಖಾಲಿ. ಅಪ್ಪನಿಗೂ ನನಗೂ ಆಟೊಮ್ಯಾಟಿಕ್ ಕಂಡರೆ ಮೂಗು ಮುರಿಯುವ ಚಟ. "ಅದು ಮುದುಕರ ಕಾರು" ಅಂತ ಅರವತ್ನಾಲ್ಕು ವರ್ಷದ ಅಪ್ಪ ಹೇಳಿದಾಗ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ಅವರ ಮುಖ ನೋಡಿ ಒಳಗೆ ಹೋದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಆದರೆ ಆಟೊಮ್ಯಾಟಿಕ್‌ನಲ್ಲೂ ಜಾತಿಗಳಿವೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನು ತಿಳಿದುಕೊಳ್ಳಲೇಬೇಕು.

ಮೊದಲನೆಯದು ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಮಾತ್ರ ಆನ್ ಮಾಡಿ. ಅದರ ಗಾಳಿಗೆ ಇನ್ನೊಂದೂ ತಿರುಗುತ್ತೆ. ಗಾಳಿಯ ಬದಲು ಎಣ್ಣೆ ಅಂದುಕೊಂಡರೆ ಅದೇ ಟಾರ್ಕ್ ಕನ್ವರ್ಟರ್. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ಇರೋದರಿಂದ ತೆವಳುವ ಟ್ರಾಫಿಕ್‌ನಲ್ಲಿ ಜರ್ಕ್ ಇಲ್ಲ, ಕ್ಲಚ್ ಪ್ಲೇಟ್ ಸುಡುವ ಭಯ ಇಲ್ಲ. ಚೂರು ಸೋಮಾರಿ, ಚೂರು ಜಾಸ್ತಿ ಪೆಟ್ರೋಲ್.

ಎರಡನೆಯದು ಡ್ಯುಯಲ್ ಕ್ಲಚ್. ಒಳಗೆ ಎರಡು ಕ್ಲಚ್, ಒಂದು ಗೇರ್ ಓಡುತ್ತಿರುವಾಗಲೇ ಮುಂದಿನದು ಸಿದ್ಧ. ಕಣ್ಣು ಮಿಟುಕಿಸುವಷ್ಟರಲ್ಲಿ ಗೇರ್ ಬದಲು. ಓಡಿಸೋಕೆ ಇದರಷ್ಟು ಮಜಾ ಬೇರೆ ಇಲ್ಲ. ಆದರೆ ಇದರಲ್ಲಿ ಒಣ ಕ್ಲಚ್, ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಅಂತ ಎರಡು ಬಗೆ. ಒಣ ಕ್ಲಚ್‌ಗೆ ಅಡಿ ಅಡಿ ತೆವಳುವ ಟ್ರಾಫಿಕ್ ಆಗಿಬರಲ್ಲ. ಅರ್ಧ ಹಿಡಿದು ಅರ್ಧ ಬಿಟ್ಟು ಬಿಸಿಯಾಗುತ್ತೆ. ಫೋಕ್ಸ್‌ವ್ಯಾಗನ್ 2013ರಲ್ಲಿ ಚೀನಾದಲ್ಲಿ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ದೋಷಕ್ಕಾಗಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿತ್ತು. ಆಮೇಲೆ ಸುಧಾರಣೆಗಳಾಗಿವೆ, ಚೆನ್ನಾಗಿ ಓಡುತ್ತಿರುವ ಕಾರುಗಳು ಸಾಕಷ್ಟಿವೆ. ಆದರೆ ವಾರಂಟಿ ಮುಗಿದ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಈ ರಿಪೇರಿ ಬಂದರೆ ಬಿಲ್ಲು ಲಕ್ಷದ ಲೆಕ್ಕದಲ್ಲಿ ಬರುತ್ತೆ.

ಮೂರನೆಯದು ಸಿವಿಟಿ. ಗೇರ್‌ಗಳ ಬದಲು ಬೆಲ್ಟ್ ಮತ್ತು ರಾಟೆ. ಬೆಣ್ಣೆಯಂತೆ ನಯ. ಜೋರಾಗಿ ಒತ್ತಿದರೆ ಮಾತ್ರ ಎಂಜಿನ್ ಮೊದಲು ಕೂಗುತ್ತೆ, ಕಾರು ಆಮೇಲೆ ಹೊರಡುತ್ತೆ.

ಈ ಜ್ಞಾನ ಇಟ್ಟುಕೊಂಡು ನಾವು ಒಂದು ಟೆಸ್ಟ್ ಡ್ರೈವ್ ದಾರಿ ಮಾಡಿಕೊಂಡೆವು. ಸಂಜೆ ಆರೂವರೆಗೆ ಕೆ.ಆರ್.ಪುರದ ತೂಗುಸೇತುವೆ, ಅಲ್ಲಿಂದ ಟಿನ್ ಫ್ಯಾಕ್ಟರಿ, ಹಳೇ ಮದ್ರಾಸ್ ರಸ್ತೆ ಹಿಡಿದು ಹಲಸೂರು ಕೆರೆ, ಆಮೇಲೆ ಅತ್ತೆ ಮನೆಯ ಗಲ್ಲಿ, ವಾಪಸ್. ಮಾರೋರು ನಮ್ಮನ್ನು ವಿಚಿತ್ರವಾಗಿ ನೋಡಿದರು. ಎಲ್ಲರೂ ಭಾನುವಾರ ಬೆಳಿಗ್ಗೆ ಏಳಕ್ಕೆ ಬರ್ತಾರಂತೆ. ಖಾಲಿ ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗೇ ಇರುತ್ತೆ. ನಿಮ್ಮ ಮನೆಯವರು ದಿನಾ ಓಡಿಸುವ ಹೊತ್ತಿಗೆ, ದಿನಾ ಓಡಿಸುವ ದಾರಿಯಲ್ಲಿ ಓಡಿಸಿ ನೋಡಿ. ಒಪ್ಪದ ಮಾರಾಟಗಾರರನ್ನು ಬಿಟ್ಟುಬಿಡಿ.

ಇನ್ನೊಂದು ಮಾತು. ಆಟೊಮ್ಯಾಟಿಕ್ ಉಳಿಸೋದು ಎಡಗಾಲನ್ನು ಮಾತ್ರ. ಬ್ರೇಕು, ಆಕ್ಸಿಲರೇಟರ್ ಎರಡೂ ಬಲಗಾಲಿನ ಮೇಲೆ. ಬಲ ಮಂಡಿಯೂ ಸರಿಯಿದೆಯಾ, ಗಟ್ಟಿಯಾಗಿ ಬ್ರೇಕ್ ಒತ್ತಬಲ್ಲರಾ ಅಂತ ಡಾಕ್ಟರನ್ನು ಕೇಳಿಯೇ ಕಾರು ನೋಡೋಕೆ ಹೊರಡಿ. ನಾವು ಕೇಳಿದ್ದೆವು.

ಕುದುರೆಗಳ ಲೆಕ್ಕ

ಬಜೆಟ್ 11 ಲಕ್ಷ. ನಮ್ಮ ಪಟ್ಟಿಯಲ್ಲಿದ್ದ ಹೆಸರುಗಳು ನಿಮಗೂ ಗೊತ್ತಿರುತ್ತವೆ. ಸ್ಕೋಡಾ ಸ್ಲೇವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್, ಹ್ಯುಂಡೈ ವರ್ನಾ ಟರ್ಬೊ, ಹೋಂಡಾ ಸಿಟಿ, ಮತ್ತು ನನ್ನ ಕನಸಿನ ಹಳೇ ಆಕ್ಟೇವಿಯಾ 1.8.

ಆಕ್ಟೇವಿಯಾದ್ದು 180 ಪಿಎಸ್. ಸ್ಲೇವಿಯಾ, ವರ್ಟಸ್‌ನಲ್ಲಿ ಎರಡು ಎಂಜಿನ್: 1.5 ಟಿಎಸ್‌ಐ 150 ಪಿಎಸ್, 250 ನ್ಯೂಟನ್ ಮೀಟರ್ ಟಾರ್ಕ್; 1.0 ಟಿಎಸ್‌ಐ 115 ಪಿಎಸ್, 178 ನ್ಯೂಟನ್ ಮೀಟರ್. ದೊಡ್ಡ ಎಂಜಿನ್ನಿನ ಆಟೊಮ್ಯಾಟಿಕ್‌ಗೆ 7 ಗೇರಿನ ಡ್ಯುಯಲ್ ಕ್ಲಚ್, ಚಿಕ್ಕದಕ್ಕೆ 6 ಗೇರಿನ ಟಾರ್ಕ್ ಕನ್ವರ್ಟರ್. 2020ರ ವರ್ನಾ 1.0 ಟರ್ಬೊ 120 ಪಿಎಸ್, ಅದಕ್ಕೂ ಡ್ಯುಯಲ್ ಕ್ಲಚ್. ಸಿಟಿ 121 ಪಿಎಸ್, ಸಿವಿಟಿ.

ಇಲ್ಲಿ ಒಂದು ವಿಷಯ ಗಮನಿಸಿ. ನಗರದಲ್ಲಿ ಕೆಲಸಕ್ಕೆ ಬರೋದು ಗರಿಷ್ಠ ಪವರ್ ಅಲ್ಲ, ಟಾರ್ಕ್ ಎಷ್ಟು ಬೇಗ ಸಿಗುತ್ತೆ ಅನ್ನೋದು. 1.0 ಟಿಎಸ್‌ಐನ 178 ನ್ಯೂಟನ್ ಮೀಟರ್ 1,750 ಆರ್‌ಪಿಎಂನಲ್ಲೇ ಕೈಗೆ ಬರುತ್ತೆ. ಸಿಟಿಯ 145 ನ್ಯೂಟನ್ ಮೀಟರ್ ಪೂರ್ತಿ ಸಿಗೋದು 4,300ಕ್ಕೆ. ಬೆನ್ನಿಗಾನಹಳ್ಳಿಯಲ್ಲಿ ಬಸ್ಸುಗಳ ನಡುವೆ ಒಂದು ಸಂದಿ ಸಿಕ್ಕಾಗ ಟರ್ಬೊ ಕಾರಿನಲ್ಲಿ ಸ್ವಲ್ಪ ಒತ್ತಿದರೆ ಸಾಕು, ನುಗ್ಗುತ್ತೆ. ಮಾಲೂರು ದಾರಿಯಲ್ಲಿ ಎದುರಿಂದ ಲಾರಿ ಬರುವ ಮೊದಲು ಟ್ರ್ಯಾಕ್ಟರ್ ದಾಟಬೇಕಾದರೆ ಎದುರು ಬದಿಯಲ್ಲಿ ಇರುವ ಹೊತ್ತು ಕಡಿಮೆಯಾಗುತ್ತೆ.

ಅದಕ್ಕೇ ಹೇಳೋದು, ಶಕ್ತಿಯುಳ್ಳ ಕಾರು ಹುಡುಗರಿಗೆ ಮಾತ್ರ ಅನ್ನೋದು ಬರೀ ನಂಬಿಕೆ. ಸ್ಪೀಡಿಗಲ್ಲದೆ ಸಲೀಸಿಗೆ ಶಕ್ತಿ ಬಳಸೋದು ವಯಸ್ಸಾದವರಿಗೇ ಚೆನ್ನಾಗಿ ಗೊತ್ತು. ಅಪ್ಪ 1.0 ಟಿಎಸ್‌ಐ ಓಡಿಸಿ ಇಳಿದ ಮೇಲೆ ನಾನು ಕೊಂಚ ನಿರಾಸೆಯಿಂದಲೇ ಕೇಳಿದೆ, ಸಾಕಾಗುತ್ತಾ ಅಂತ. "ಎಸ್ಟೀಮ್‌ಗಿಂತ ಮೂವತ್ತು ಕುದುರೆ ಜಾಸ್ತಿ ಅಲ್ವೇನೋ? ಅವನ್ನೆಲ್ಲ ಎಲ್ಲಿ ಕಟ್ಟೋದು ಮೊದಲು ಹೇಳು" ಅಂದರು.

ಹತ್ತೋದು, ಇಳಿಯೋದು

ಗೆಳೆಯರೆಲ್ಲ ಕೇಳಿದರು, ಮಂಡಿ ನೋವಿಗೆ ಎಸ್‌ಯುವಿ ಒಳ್ಳೇದಲ್ವಾ? ನ್ಯಾಯವಾದ ಪ್ರಶ್ನೆ. ಕೆಳಗಿನ ಸೀಟಿನಿಂದ ಎದ್ದೇಳೋದು ಮಂಡಿಗೆ ಕಷ್ಟ, ತೀರಾ ಎತ್ತರಕ್ಕೆ ಹತ್ತೋದೂ ಕಷ್ಟ. ಕೂತಾಗ ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರಬೇಕು. ಡ್ರೈವರ್ ಸೀಟನ್ನು ಪೂರ್ತಿ ಮೇಲೆತ್ತಿ, ಹಿಂದೆ ಸರಿಸಿ, ಐದು ಸಲ ಹತ್ತಿ ಇಳಿಸಿ ನೋಡಿ. ಮೊದಲ ಸಲ ಎಲ್ಲರೂ ಹೀರೋಗಳೇ. ಐದನೇ ಸಲಕ್ಕೆ ಕೈ ತಾನಾಗಿ ಬಾಗಿಲ ಅಂಚು ಹುಡುಕುತ್ತಾ ಅಂತ ಗಮನಿಸಿ. ಹಳೇ ಆಕ್ಟೇವಿಯಾ ನಮ್ಮ ಪಟ್ಟಿಯಿಂದ ಹೋದದ್ದು ಹೀಗೆ. ನಾನು ಕೂತರೆ ಸ್ವರ್ಗ, ಅಪ್ಪನಿಗೆ ಎದ್ದೇಳೋಕೆ ಮೂರು ಪ್ರಯತ್ನ.

ಸ್ಲೇವಿಯಾ, ವರ್ಟಸ್ ಈ ಪರೀಕ್ಷೆಯಲ್ಲಿ ಪಾಸಾದವು. ನೆಲದಿಂದ 179 ಮಿ.ಮೀ. ಎತ್ತರ ಇರೋದರಿಂದ ನಮ್ಮ ಗಲ್ಲಿಯ ಹಂಪ್‌ಗಳ ಮೇಲೆ ಹೊಟ್ಟೆ ಉಜ್ಜುವ ಭಯವೂ ಕಡಿಮೆ. ಅಗಲ 1,752 ಮಿ.ಮೀ. ನಮ್ಮ ಗೇಟಿನ ಒಳಗೆ ಕನ್ನಡಿ ಮಡಚದೆ ಹೋಗುತ್ತೆ. ಟೇಪ್ ಹಿಡಿದು ಗೇಟ್ ಅಳೆದವರು ಅಮ್ಮ. ಎರಡೂ ಕಾರುಗಳಿಗೆ 2023ರ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಪರೀಕ್ಷೆಯಲ್ಲಿ ಐದು ಸ್ಟಾರ್ ಸಿಕ್ಕಿದ್ದು ಕೇಳಿ ಅವರು ನೆಮ್ಮದಿಯಾದರು.

ನೀರು ಕುಡಿದ ಕಾರುಗಳು

ಬೆಂಗಳೂರು ಪೂರ್ವದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡೋರು ಒಂದು ತಿಂಗಳನ್ನು ನೆನಪಿಟ್ಟುಕೊಳ್ಳಬೇಕು: 2022ರ ಸೆಪ್ಟೆಂಬರ್. ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಕಡೆ ದುಬಾರಿ ಕಾರುಗಳು ಚಾವಣಿವರೆಗೆ ಮುಳುಗಿದ ಫೋಟೊಗಳನ್ನು ನೀವೂ ನೋಡಿರ್ತೀರಿ. ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗಲ್ಲ. ತೊಳೆದು, ಒಣಗಿಸಿ, ಪಾಲಿಶ್ ಹಾಕಿದರೆ ಮತ್ತೆ ಮಾರಾಟಕ್ಕೆ.

ನೋಡೋಕೆ ಹೋದಾಗ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಕೆಳಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲಿಂದಲೇ ಹೊರಡಿ. ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿ ನೋಡಿ. ಸೀಟಿನ ಕೆಳಗಿನ ಹಳಿಗೆ ಮೊಬೈಲ್ ಟಾರ್ಚ್ ಹಾಕಿ, ತುಕ್ಕು ಇದೆಯಾ ನೋಡಿ. ಎಸಿ ಹಾಕುವ ಮೊದಲು ಕಿಟಕಿ ಮುಚ್ಚಿ ಐದು ನಿಮಿಷ ಕೂತು ವಾಸನೆ ಹಿಡಿಯಿರಿ. ಕಾರಿನೊಳಗೆ ಸುಗಂಧದ ಡಬ್ಬಿ ಮೂರಿದ್ದರೆ ಅದೂ ಒಂದು ಸುಳಿವೇ. ನಾವು ನೋಡಿದ ಏಳು ಕಾರುಗಳಲ್ಲಿ ಒಂದರ ಸೀಟ್ ಬೆಲ್ಟ್‌ನಲ್ಲಿ ಗೆರೆ ಇತ್ತು. ಮಾರುವವರು "ಮಗು ಚಾಕೊಲೇಟ್ ಚೆಲ್ಲಿದ್ದು ಸಾರ್" ಅಂದರು. ನಾಲ್ಕೂ ಬೆಲ್ಟ್‌ಗಳಿಗೆ ಒಂದೇ ಎತ್ತರದಲ್ಲಿ ಚೆಲ್ಲಿದ ಜಾಣ ಮಗು.

ಟರ್ಬೊ ಕಾರಿಗೆ ಇನ್ನೂ ನಾಲ್ಕು ಪರೀಕ್ಷೆ ಬೇಕು.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಯಾಕೆ ಅಂತ ಕೇಳಿ. ಸ್ಟಾರ್ಟ್ ಆದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ.

ಆಯಿಲ್ ಬದಲಿಸಿದ ದಾಖಲೆ ವರ್ಷ ವರ್ಷದ್ದೂ ಬೇಕು. ಟರ್ಬೊದ ಆಯಸ್ಸು ಆಯಿಲ್‌ನಲ್ಲಿದೆ. ಬಿಲ್ಲಿನಲ್ಲಿರುವ ಕಿಲೋಮೀಟರ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದರೆ ಮೀಟರ್ ಹಿಂದಕ್ಕೆ ತಿರುಗಿಸಿದ್ದೂ ಗೊತ್ತಾಗುತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2322 ಅಂದರೆ 2022ರ 23ನೇ ವಾರ ತಯಾರಾದದ್ದು. 2022ರ ಕಾರು, ಮೀಟರಿನಲ್ಲಿ 20 ಸಾವಿರ ಕಿ.ಮೀ., ಆದರೆ ನಾಲ್ಕೂ ಟೈರು 2025ರದ್ದು ಅಂದರೆ ಲೆಕ್ಕ ಕೂಡಲ್ಲ.

ಸಣ್ಣದೊಂದು ಓಬಿಡಿ ಸ್ಕ್ಯಾನರ್ ಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಸ್ಟೀರಿಂಗ್ ಕೆಳಗೆ ಚುಚ್ಚಿದರೆ ಎಂಜಿನ್ನಿನ ದೋಷಗಳ ಪಟ್ಟಿ ಮೊಬೈಲಿಗೆ ಬರುತ್ತೆ. ನಾವು ಸಾಫ್ಟ್‌ವೇರ್‌ನವರಿಗೆ ಗೊತ್ತಿರುವ ಸತ್ಯ, ಲಾಗ್ ಪೂರ್ತಿ ಖಾಲಿ ಇದ್ದರೆ ಅನುಮಾನ ಪಡಬೇಕು. ಬೆಳಿಗ್ಗೆಯಷ್ಟೇ ದೋಷ ಅಳಿಸಿದ್ದರೆ 'ರೆಡಿನೆಸ್' ಪರೀಕ್ಷೆಗಳು ಅಪೂರ್ಣ ಅಂತ ತೋರಿಸುತ್ತೆ.

ಕೊನೆಯದಾಗಿ, ಹಿಂದಿನ ಮಾಲೀಕ ನನ್ನಂಥ ಹುಡುಗನಾಗಿದ್ದರೆ ಎಂಜಿನ್ ರೀಮ್ಯಾಪ್ ಮಾಡಿಸಿದ್ದಾನಾ ಅಂತ ನೇರವಾಗಿ ಕೇಳಿ, ಕಂಪನಿಯ ವರ್ಕ್‌ಶಾಪ್‌ನಲ್ಲೂ ಪರಿಶೀಲಿಸಿ. ಪವರ್ ಏರಿಸಿದ ಕಾರಿಗೆ ವಾರಂಟಿ ಕೇಳೋಕಾಗಲ್ಲ.

ಬೆಲೆಯ ವಿಷಯ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಹೊಸ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇ 17, ಮೇಲೆ ಸೆಸ್. ಇಲ್ಲೇ ನೋಂದಣಿಯಾದ ಸೆಕೆಂಡ್ ಹ್ಯಾಂಡ್ ಕಾರಿಗೆ ಅದನ್ನು ಮೊದಲ ಮಾಲೀಕರೇ ಕಟ್ಟಿರ್ತಾರೆ. ಬೇರೆ ರಾಜ್ಯದ ಕಾರು ಅಗ್ಗ ಅಂತ ಹೋದರೆ ಇಲ್ಲಿ ತೆರಿಗೆ ಕಟ್ಟುವಾಗ ಆ ಲಾಭ ಕರಗುತ್ತೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಕಾರುಗಳ ಜಿಎಸ್‌ಟಿ ಇಳಿದಿದೆ. ಹಾಗಾಗಿ ಚೌಕಾಸಿಗೆ ಕೂರುವ ಮೊದಲು ಅದೇ ಕಾರಿನ ಇವತ್ತಿನ ಹೊಸ ಬೆಲೆ ನೋಡಿಕೊಳ್ಳಿ, ಎರಡು ವರ್ಷ ಹಿಂದಿನ ಬಿಲ್ಲು ತೋರಿಸಿದರೆ ನಂಬಬೇಡಿ.

ಯಾರ ಹೆಸರಿಗೆ?

ಕೊನೆಗೆ ಸಿಕ್ಕಿದ್ದು 2022ರ ಸ್ಲೇವಿಯಾ 1.0 ಆಟೊಮ್ಯಾಟಿಕ್, ಕೆಎ 03 ನಂಬರು, ಒಬ್ಬರೇ ಮಾಲೀಕರು. ಎಲ್ಲ ಮುಗಿಯಿತು ಅನ್ನುವಾಗ ನಿಜವಾದ ವಾದ ಶುರುವಾಯಿತು.

ಅಪ್ಪ ಹೇಳಿದರು: "ನಿನ್ನ ಹೆಸರಿಗೇ ಮಾಡಿಸು. ನಾನಿನ್ನು ಎಷ್ಟು ವರ್ಷ ಓಡಿಸ್ತೀನಿ?" ದುಡ್ಡು ಹೆಚ್ಚಿನ ಪಾಲು ನನ್ನದು, ಸ್ವಲ್ಪ ಅವರದು. ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಆದರೆ ಕಾರು ನನ್ನ ಹೆಸರಿನಲ್ಲಿದ್ದರೆ ಸೋಮವಾರ ಹಲಸೂರಿಗೆ ಹೋಗುವಾಗ ಅಪ್ಪ "ಕಾರು ತಗೊಂಡು ಹೋಗಲೇನೋ?" ಅಂತ ಕೇಳ್ತಾರೆ. ನಾನು ಹೂಂ ಅಂತೀನಿ. ಕೇಳುವುದು, ಹೂಂ ಅನ್ನುವುದು ಎರಡೂ ಇರಬಾರದು ಅನ್ನೋದಕ್ಕೇ ತಾನೇ ಇಷ್ಟೆಲ್ಲ ಮಾಡಿದ್ದು? ನಾನು ಬಿಡಲಿಲ್ಲ. ಆರ್‌ಸಿ ಅಪ್ಪನ ಹೆಸರಿಗೆ ಆಯಿತು. ಈಗ ಶನಿವಾರ ಬೆಳಿಗ್ಗೆ ಕೇಳಬೇಕಾದವನು ನಾನು. ಮೂವತ್ತು ವರ್ಷದವನಿಗೆ ಅಪ್ಪನನ್ನು ಕಾರಿನ ಕೀ ಕೇಳೋದರಲ್ಲಿ ಕಷ್ಟವೇನಿಲ್ಲ, ಹದಿನೆಂಟರಿಂದ ಅಭ್ಯಾಸ ಇದೆ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡ್ತೀನಿ. ಮಾರುವವರು ಫಾರ್ಮ್ 29ರಲ್ಲಿ 14 ದಿನದೊಳಗೆ ತಿಳಿಸಬೇಕು, ಕೊಂಡವರು ಫಾರ್ಮ್ 30ರಲ್ಲಿ 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಸಾಲ ಇದ್ದ ಕಾರಾದರೆ ಬ್ಯಾಂಕಿನ ಸಹಿ ಇರುವ ಫಾರ್ಮ್ 35 ಬೇಕು. ಬಾಕಿ ಟ್ರಾಫಿಕ್ ದಂಡಗಳನ್ನು ಮೊದಲೇ ನೋಡಿ, ಮಾರುವವರಿಂದ ಕಟ್ಟಿಸಿ. ಇನ್ಶೂರೆನ್ಸನ್ನೂ ಕೊಂಡ 14 ದಿನದೊಳಗೆ ಹೆಸರಿಗೆ ಮಾಡಿಸಿ. ಮಾರಿದವರ ನೋ ಕ್ಲೇಮ್ ಬೋನಸ್ ನಿಮಗೆ ಬರಲ್ಲ, ಅದು ಅವರ ಜೊತೆಗೇ ಹೋಗುತ್ತೆ. ಮಾಲೀಕ–ಚಾಲಕರಿಗೆ ಕಡ್ಡಾಯವಾಗಿರುವ 15 ಲಕ್ಷದ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿದ್ದವರಿಗೆ ಮಾತ್ರ, ಅವರ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಹಂಚಿಕೊಂಡು ಓಡಿಸುವ ಇನ್ನೊಬ್ಬರು ಬೇರೆ ಅಪಘಾತ ವಿಮೆ ಮಾಡಿಸಿಕೊಳ್ಳಿ.

ನಿಮ್ಮ ಹಳೇ ಕಾರು ಮಾರುವಾಗಲೂ ಇಷ್ಟೇ ಜಾಗ್ರತೆ ಇರಲಿ. ಮಾರಿದ ಮೇಲೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನಮ್ಮ ಎಸ್ಟೀಮನ್ನು ಮಾಲೂರಿನ ಹುಡುಗನೊಬ್ಬ ತಗೊಂಡ. ಹೆಸರು ವರ್ಗಾವಣೆಯಾದ ಮೆಸೇಜು ಬರುವವರೆಗೆ ಅಪ್ಪ ಎರಡನೇ ಕೀ ಕೊಡಲಿಲ್ಲ.

ಮನೆಯ ಒಪ್ಪಂದ

ಇಬ್ಬರು ಓಡಿಸುವ ಕಾರಿಗೆ ಒಂದಿಷ್ಟು ನಿಯಮ ಬೇಕೇ ಬೇಕು. ನಮ್ಮವು ಹೀಗಿವೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಟ್ಟು ಇನ್ನೊಬ್ಬರಿಗೆ ಕೊಡುವಂತಿಲ್ಲ. ದಂಡ ಬಂದರೆ ಆ ದಿನ ಓಡಿಸಿದವರು ಕಟ್ಟಬೇಕು. ಗಾಳಿ ನೋಡೋದು ನನ್ನ ಕೆಲಸ, ತೊಳೆಯೋದು ಅಪ್ಪನ ಹಟ. ಸೀಟಿನ ಎತ್ತರ ಮಾತ್ರ ಯಾವಾಗಲೂ ಅಪ್ಪನ ಲೆಕ್ಕಕ್ಕೇ ಇರಬೇಕು. ನಾನು ಓಡಿಸಿ ಬಂದ ಮೇಲೆ ಮತ್ತೆ ಮೇಲೆತ್ತಿ ಇಡಬೇಕು.

ಕೊನೆಯ ಒಪ್ಪಂದ ಮಾಡಿಕೊಳ್ಳುವಾಗ ಇಬ್ಬರಿಗೂ ಮಾತು ಸರಾಗವಾಗಿ ಬರಲಿಲ್ಲ. ಒಂದು ದಿನ ಅಪ್ಪ ಓಡಿಸೋದನ್ನು ನಿಲ್ಲಿಸಬೇಕಾಗುತ್ತೆ. ಅದನ್ನು ಹೇಳೋರು ಯಾರು? ನಾನು ಹೇಳಿದರೆ ಕಿತ್ತುಕೊಂಡ ಹಾಗೆ. ಅಪ್ಪನಿಗೆ ತಾನಾಗಿ ಹೊಳೆಯುವುದರೊಳಗೆ ತಡವಾದರೆ ರಸ್ತೆಯಲ್ಲಿರುವ ಇನ್ಯಾರಿಗೋ ಅಪಾಯ. 55 ದಾಟಿದವರಿಗೆ ಲೈಸೆನ್ಸ್ ನವೀಕರಿಸಿದರೆ ಐದು ವರ್ಷಕ್ಕೆ ಮಾತ್ರ, ಅದಕ್ಕೆ ಡಾಕ್ಟರ ಸರ್ಟಿಫಿಕೇಟೂ ಬೇಕು. ಬಹಳ ಜನ ಆ ಫಾರ್ಮನ್ನು ಬ್ರೋಕರ್ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡು ಬರ್ತಾರೆ. ಅಪ್ಪನೇ ಹೇಳಿದರು, ಬೇಡ, ನಾನು ನಿಜವಾಗಿ ತೋರಿಸಿಕೊಳ್ತೀನಿ ಅಂತ. ವರ್ಷಕ್ಕೊಮ್ಮೆ ಕಣ್ಣು, ಬಲ ಮಂಡಿ, ಕಿವಿ. ಡಾಕ್ಟರು ಬೇಡ ಅಂದರೆ ಬೇಡ. ನನ್ನದೂ ಇಲ್ಲ, ಅವರದೂ ಇಲ್ಲ. ಈಗಿನ ಲೈಸೆನ್ಸ್ 2030ರವರೆಗೆ ಇದೆ.

ನೀವು ಅಪ್ಪನ ಜೊತೆಗೋ ಅಮ್ಮನ ಜೊತೆಗೋ ಕಾರು ಹಂಚಿಕೊಳ್ಳೋದಾದರೆ, ಆ್ಯಪ್ ತೆರೆದು ಪವರ್, ಬಣ್ಣ, ಸನ್‌ರೂಫ್ ಫಿಲ್ಟರ್ ಹಾಕುವ ಮೊದಲು ಅವರನ್ನು ಮೂರು ವಿಷಯ ಕೇಳಿ. ಯಾವ ದಾರಿಯಲ್ಲಿ ಓಡಿಸೋಕೆ ಈಗ ಕಷ್ಟ ಆಗುತ್ತೆ? ಮೈಯಲ್ಲಿ ಎಲ್ಲಿ ನೋಯುತ್ತೆ? ಇತ್ತೀಚೆಗೆ ಎಲ್ಲಿಗೆ ಹೋಗೋದು ಬಿಟ್ಟಿದ್ದೀರಿ? ಮೂರನೆಯದಕ್ಕೆ ಅವರು ತಕ್ಷಣ ಉತ್ತರ ಕೊಡಲ್ಲ. "ಹಾಗೇನಿಲ್ಲ ಬಿಡು" ಅಂತಾರೆ. ಆಮೇಲೆ ಮನೆಯಲ್ಲಿ ಇನ್ನೊಬ್ಬರನ್ನು ಕೇಳಿ.